ದಿವಾನರನ್ನು ಇಳಿಸುವವರು ಯಾರಿದ್ದರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಸೇರುವುದು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ. ಇಲ್ಲಿನ ಮತದಾರರು ಒತ್ತುವ ಗುಂಡಿಯ ಪಕ್ಕ ಮುಖ್ಯಮಂತ್ರಿಯಾಗುವವರ ಹೆಸರಿರುವುದಿಲ್ಲ, ರಾಷ್ಟ್ರಪತಿಯದಂತೂ ಇಲ್ಲವೇ ಇಲ್ಲ. ಆದರೂ ಅದೇ ಗುಂಡಿ ಇಬ್ಬರನ್ನೂ ಮುಟ್ಟುತ್ತದೆ. 224 ಸ್ಥಾನಗಳ ಸದನದಲ್ಲಿ 113 ಶಾಸಕರ ಬೆಂಬಲವಿದ್ದವರು ಮುಖ್ಯಮಂತ್ರಿ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬೊಬ್ಬ ಶಾಸಕರ ಮತಕ್ಕೂ 1971ರ ಜನಗಣತಿಯ ಲೆಕ್ಕದಂತೆ 131ರ ಮೌಲ್ಯ. 2023ರಲ್ಲಿ ಈ ಕ್ಷೇತ್ರದಲ್ಲಿ ಘೋಷಣೆಯಾದ ಗೆಲುವಿನ ಅಂತರ ಬರೀ 201 ಮತ. ಅಮೆರಿಕದ ಯಾವುದೇ ರಾಜ್ಯದಲ್ಲಾದರೆ ಶಾಸಕರಿಗೆ ಒಂದು ಮತ, ರಾಜ್ಯದ ಮುಖ್ಯಸ್ಥರಿಗೆ ಬೇರೊಂದು ಮತ.

ರಾಜನಿದ್ದರೆ ಒಂದು ಪದ್ಧತಿ, ರಾಷ್ಟ್ರಪತಿ ಇದ್ದರೆ ಇನ್ನೊಂದು ಎಂದು ಪಾಠದಲ್ಲಿ ಓದಿರುತ್ತೇವೆ. ಅದು ಗಣರಾಜ್ಯ ಹೌದೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಅರಸರಿದ್ದಾರೆ, ನಮ್ಮಲ್ಲಿಲ್ಲ; ಎರಡೂ ಕಡೆ ಸರ್ಕಾರ ನಡೆಯುವುದು ಸಂಸತ್ತಿನ ವಿಶ್ವಾಸದ ಮೇಲೆಯೇ. ಆಳುವವರನ್ನು ಅವಧಿಯ ನಡುವೆ ಮನೆಗೆ ಕಳಿಸಬಲ್ಲವರು ಯಾರು ಎಂದು ಕೇಳಿದರೆ ಸಂಸದೀಯ ಪದ್ಧತಿಗೂ ಅಧ್ಯಕ್ಷೀಯ ಪದ್ಧತಿಗೂ ಇರುವ ವ್ಯತ್ಯಾಸ ಬೇಗ ತಿಳಿಯುತ್ತದೆ. ಈ ಸೀಮೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. ಶೃಂಗೇರಿಯು ಮಠದ ಜಹಗೀರಾಗಿತ್ತು. ನರಸಿಂಹರಾಜಪುರವಂತೂ ಯೆಡೇಹಳ್ಳಿ ಎಂಬ ಹಳೆಯ ಹೆಸರು ಬಿಟ್ಟು ಮೈಸೂರಿನ ಯುವರಾಜರ ಹೆಸರು ಪಡೆದ ಊರು. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ದಸರಾ ಹೊತ್ತಿಗೆ ಸದಸ್ಯರು ಸೇರಿ ಅಹವಾಲು ಹೇಳುತ್ತಿದ್ದರು, ದಿವಾನರು ಕೇಳಿ ಉತ್ತರಿಸುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಉತ್ತರ ಒಪ್ಪಿಗೆಯಾಗದಿದ್ದರೆ ದಿವಾನರನ್ನು ಇಳಿಸುವ ಅಧಿಕಾರ ಸಭೆಗಿರಲಿಲ್ಲ; ಅವರನ್ನು ನೇಮಿಸಿದವರು ಮಹಾರಾಜರು. 1947ರ ಮೈಸೂರು ಚಲೋ ಚಳವಳಿ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನಪ್ರತಿನಿಧಿಗಳಿಗೆ ಉತ್ತರದಾಯಿಯಾದ ಸರ್ಕಾರವನ್ನು. ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾಗಿ ಅಧಿಕಾರಕ್ಕೆ ಬಂದರು. ಮಹಾರಾಜರು ಇನ್ನೂ ಸಿಂಹಾಸನದಲ್ಲೇ ಇದ್ದರು.

ಈ ಒಂದು ವಿಷಯದಲ್ಲಿ ಅಮೆರಿಕದ ಅಧ್ಯಕ್ಷರು ನಮ್ಮ ಹಳೆಯ ದಿವಾನರಿಗೇ ಹತ್ತಿರ ಎಂದರೆ ಅತಿಯಾಗಲಾರದು. ಅವರು ಚುನಾಯಿತರು ನಿಜ, ಆದರೆ ನೀತಿ ಸರಿಯಿಲ್ಲವೆಂದು ಅಲ್ಲಿನ ಕಾಂಗ್ರೆಸ್ ಅವರನ್ನು ಇಳಿಸುವಂತಿಲ್ಲ. ಮಹಾಭಿಯೋಗಕ್ಕೆ ಅಪರಾಧ ಬೇಕು. ಹಾಗೆ ಪದಚ್ಯುತರಾದ ಅಧ್ಯಕ್ಷರು ಇದುವರೆಗೆ ಒಬ್ಬರೂ ಇಲ್ಲ. ಅಲ್ಲಿನ ಮಂತ್ರಿಗಳು ಸದನದ ಸದಸ್ಯರೂ ಆಗಿರುವಂತಿಲ್ಲ. ನಮ್ಮಲ್ಲಿ ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿ ಶಿಕ್ಷಕರ ನೇಮಕಾತಿಗೆ ಹೆಸರಾದರು. ಆ ನೇಮಕಾತಿಯ ಬಗ್ಗೆ ಯಾವ ಶಾಸಕರು ಪ್ರಶ್ನೆ ಹಾಕಿದರೂ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕಾದವರು ಅವರೇ.

ಇಳಿಸುವ ಅಧಿಕಾರ ಕೊಟ್ಟಿದ್ದರಿಂದಲೇ ಸರ್ಕಾರಗಳು ಉರುಳುತ್ತಿವೆ, ಐದು ವರ್ಷ ನೆಮ್ಮದಿಯಾಗಿ ಆಳಲು ಬಿಡಿ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವಿದೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರಿಂದ ಬಿದ್ದಾಗ ಅದಕ್ಕೆ ಹದಿನಾಲ್ಕು ತಿಂಗಳು. ಅದು ಬೀಳಲು ಕಾರಣರಾಗಿ ಅನರ್ಹಗೊಂಡ 17 ಶಾಸಕರಲ್ಲಿ ಹಲವರು ಉಪಚುನಾವಣೆ ಗೆದ್ದು ಮಂತ್ರಿಗಳೂ ಆದರು. ಆದರೆ ರೋಗ ಸಂಸದೀಯ ಪದ್ಧತಿಯದೇ ಆಗಿದ್ದರೆ ಜರ್ಮನಿಯೂ ನರಳಬೇಕಿತ್ತು. ಅಲ್ಲಿ ಮುಂದಿನವರನ್ನು ಆರಿಸದೆ ಈಗಿನ ಚಾನ್ಸಲರ್ ಅವರನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. 1982ರಲ್ಲಿ ಸ್ಮಿತ್ ಹೋಗಿ ಕೋಲ್ ಬಂದದ್ದು ಹಾಗೆ. ನಮ್ಮಲ್ಲೂ ಸುಧಾರಣೆ ಆಗಿಲ್ಲವೆಂದಲ್ಲ. 1989ರಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರಿಗೆ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ ಸರ್ಕಾರ ವಜಾ ಮಾಡಲಾಯಿತು; ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನನಗೆ ಹೆಚ್ಚು ಆತಂಕ ತರುವುದು ಸರ್ಕಾರ ಉರುಳಿಸುವ ಈ ಆಟದ ಇನ್ನೊಂದು ಮಗ್ಗುಲು. ಪಕ್ಷಾಂತರ ತಡೆಯಲು 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದ ಶಾಸಕರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಮಾರಾಟಕ್ಕೆ ನಿಂತವರು ರಾಜೀನಾಮೆ ಕೊಟ್ಟು ದಾರಿ ಹುಡುಕಿಕೊಂಡರು; ಒಂದು ಮಸೂದೆ ತನ್ನ ಕ್ಷೇತ್ರಕ್ಕೆ ಕೆಟ್ಟದ್ದೆಂದು ಪ್ರಾಮಾಣಿಕವಾಗಿ ನಂಬಿದವರು ಮಾತ್ರ ಬಾಯಿ ಕಟ್ಟಿಕೊಂಡು ಕೂರಬೇಕಾಯಿತು. ವಿಪ್ ವಿಶ್ವಾಸಮತಕ್ಕೆ ಮತ್ತು ಬಜೆಟ್ಟಿಗೆ ಸೀಮಿತವಾದರೆ ಸಾಕು, ಉಳಿದ ಮಸೂದೆಗಳಲ್ಲಿ ಶಾಸಕರು ಸ್ವಂತ ವಿವೇಕದಂತೆ ಮತ ಹಾಕಲಿ. ಊರಿಗೆ ಬಂದ ಶಾಸಕರಿಗೆ ರಸ್ತೆ, ಕಾಲುಸಂಕದ ಅರ್ಜಿ ಕೊಡುವಾಗ ಕಳೆದ ಅಧಿವೇಶನದಲ್ಲಿ ಯಾವ ಮಸೂದೆಗೆ ಏಕೆ ಕೈ ಎತ್ತಿದಿರಿ ಎಂದೂ ಕೇಳಿ.