ವಿಜ್ಞಾನಕಥೆಗಳಲ್ಲಿ ಆಯ್ದ ಪಡೆಗಳ ವ್ಯವಸ್ಥೆ ಮತ್ತು ಸರಬರಾಯಿ

ಸೈನ್ಯವೊಂದರ ಬಲವನ್ನು ಅಳೆಯುವಾಗ ಯೋಧರ ಶೌರ್ಯವನ್ನೂ ಆಯುಧಗಳ ತೀಕ್ಷ್ಣತೆಯನ್ನೂ ಮೊದಲು ಎಣಿಸುವುದು ವಾಡಿಕೆ. ಯುದ್ಧಶಾಸ್ತ್ರವನ್ನು ಬಲ್ಲವರು ಅಷ್ಟಕ್ಕೇ ತೃಪ್ತರಾಗುವುದಿಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೈಸೂರಿನಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸೇನೆಯ ಹಿಂಭಾಗದಲ್ಲಿ ಔಷಧ, ತೈಲ, ವಸ್ತ್ರಗಳೊಡನೆ ಚಿಕಿತ್ಸಕರೂ, ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರೂ ನಿಂತಿರತಕ್ಕದ್ದೆಂಬ ವಿಧಿಯಿದೆ. ಹೋರಾಡುವವರ ಬೆನ್ನಿಗೆ ಹೋರಾಡದವರೂ ಇರಲೇಬೇಕೆಂಬುದು ಇದರ ತಾತ್ಪರ್ಯ. ಗ್ರಹದಿಂದ ಗ್ರಹಕ್ಕೆ ದಂಡೆತ್ತಿ ಹೋಗುವ ಆಯ್ದ ಪಡೆಗಳನ್ನು ಕಲ್ಪಿಸಿದ ಆಧುನಿಕ ಲೇಖಕರು ಈ ನಿಯಮವನ್ನು ಹೇಗೆ ಎದುರಿಸಿದ್ದಾರೆಂಬುದನ್ನು ಮೂರು ಅಮೆರಿಕನ್ ಕಾದಂಬರಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಆಯ್ದ ಪಡೆಯೆಂದರೆ ಸಂಖ್ಯೆಯಲ್ಲಿ ಅಲ್ಪವಾಗಿಯೂ ಶಿಕ್ಷಣದಲ್ಲಿ ಅಧಿಕವಾಗಿಯೂ ಇರುವ ಪಡೆ. ಅಂತರಿಕ್ಷದಲ್ಲಿ ಸಾಗಾಟದ ವೆಚ್ಚ ಅಪಾರವಾದುದರಿಂದ ಕೆಲವೇ ಮಂದಿಯನ್ನು ಕಳುಹಿಸಿ ಹೆಚ್ಚು ಕೆಲಸವನ್ನು ಸಾಧಿಸಬೇಕೆಂಬ ಭಾವನೆ ಇಂಥ ಕಥೆಗಳಲ್ಲಿ ಸಹಜವಾಗಿಯೇ ಮೂಡುತ್ತದೆ. ಆದರೆ ಪಡೆ ಚಿಕ್ಕದಾದ ಮಾತ್ರಕ್ಕೆ ಅದರ ಪರಾವಲಂಬನೆಯೂ ಚಿಕ್ಕದಾಗುವುದೇ? ಪ್ರಶ್ನೆಯಿರುವುದು ಇಲ್ಲಿ.

ರಾಬರ್ಟ್ ಹೈನ್‌ಲೈನ್ ಅವರು 1929ರಲ್ಲಿ ಅಮೆರಿಕದ ನೌಕಾಪಡೆಯ ವಿದ್ಯಾಲಯದಿಂದ ತೇರ್ಗಡೆಯಾಗಿ, 1934ರಲ್ಲಿ ಕ್ಷಯರೋಗದ ಕಾರಣದಿಂದ ನಿವೃತ್ತರಾದವರು. ಅವರ ‘ಸ್ಟಾರ್‌ಶಿಪ್ ಟ್ರೂಪರ್ಸ್’ 1959ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಪದಾತಿದಳದ ಮೊದಲನೆಯ ಸೂತ್ರ, ಎಲ್ಲರೂ ಹೋರಾಡತಕ್ಕದ್ದೆಂಬುದು. ಅಡಿಗೆಯವನೂ ಪಾದ್ರಿಯೂ ಯಂತ್ರಕವಚವನ್ನು ಧರಿಸಿ ಹಡಗಿನಿಂದ ಶತ್ರುಗ್ರಹಕ್ಕೆ ಧುಮುಕುತ್ತಾರೆ. ಅಧಿಕಾರಿಗಳ ಪ್ರಮಾಣ ನೂರಕ್ಕೆ ಮೂರರಷ್ಟು ಮಾತ್ರ. ಆಯ್ಕೆ ಎಷ್ಟು ಕಠಿಣವೆಂದರೆ, ಕಥಾನಾಯಕನ ಶಿಕ್ಷಣಶಿಬಿರಕ್ಕೆ ಸೇರಿದ 2009 ಮಂದಿಯಲ್ಲಿ ಕೊನೆಯವರೆಗೆ ಉಳಿದವರು 187 ಮಂದಿ.

ಮೇಲುನೋಟಕ್ಕೆ ಇದು ಹಿಂಬಲದ ಹೊರೆಯನ್ನೇ ಕಳಚಿಕೊಂಡ ಸೈನ್ಯ. ಆದರೆ ಸೂಕ್ಷ್ಮವಾಗಿ ನೋಡಿದರೆ ಆ ಹೊರೆ ಇಳಿದಿಲ್ಲ. ಬೇರೊಬ್ಬರ ಹೆಗಲಿಗೆ ಸರಿದಿದೆ. ಹೋರಾಟವಲ್ಲದ ಕೆಲಸಗಳು ನಾಗರಿಕರ ಪಾಲಿಗೂ, ಸಾಗಾಟವು ನೌಕಾದಳದ ಪಾಲಿಗೂ ಬಂದಿವೆ. ಮೊದಲನೆಯ ಅಧ್ಯಾಯದಲ್ಲಿ ಗಾಯಗೊಂಡ ಸಂಗಾತಿಗಾಗಿ ಕಾದು, ಸೈನಿಕರನ್ನು ಮರಳಿ ಕರೆದೊಯ್ಯುವ ದೋಣಿ ತಡವಾಗಿ ಮೇಲೇರುತ್ತದೆ. ಹಡಗಿನ ನಾಯಕಿ ತನ್ನ ಚಾತುರ್ಯದಿಂದ ಹಡಗಿನ ಗತಿಯನ್ನು ದೋಣಿಗೆ ಹೊಂದಿಸದಿದ್ದರೆ ಅವರಾರೂ ಬದುಕುಳಿಯುತ್ತಿರಲಿಲ್ಲ. ಸ್ವಾವಲಂಬನೆಯ ಸೂತ್ರವನ್ನು ಸಾರುವ ಕೃತಿಯೇ ಅದರ ಮಿತಿಯನ್ನೂ ಹೀಗೆ ತೋರಿಸಿಕೊಡುತ್ತದೆ.

ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ (1965) ಈ ಪರಾವಲಂಬನೆಯನ್ನು ರಾಜಕೀಯದ ಮಟ್ಟಕ್ಕೆ ಒಯ್ಯುತ್ತದೆ. ಚಕ್ರವರ್ತಿಯ ಸಾರ್ಡೌಕರ್ ಪಡೆಯ ಮೂಲ ಒಂದು ಸೆರೆಮನೆ ಗ್ರಹ. ಅಲ್ಲಿಗೆ ಹೊಸದಾಗಿ ಬಂದ ಬಂದಿಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಆ ಕ್ರೂರ ಪರೀಕ್ಷೆಯಲ್ಲಿ ಉಳಿದವರಿಂದ ಅಜೇಯರೆನಿಸಿದ ಯೋಧರು ಸಿದ್ಧರಾಗುತ್ತಾರೆ. ಇಷ್ಟಾದರೂ ಇವರನ್ನು ಗ್ರಹಾಂತರಕ್ಕೆ ಒಯ್ಯುವ ಹಡಗುಗಳೆಲ್ಲವೂ ಗಿಲ್ಡ್ ಎಂಬ ಸಾಗಾಟಗಾರರ ಸಂಘದ ಏಕಸ್ವಾಮ್ಯದಲ್ಲಿವೆ. ಅರಾಕಿಸ್ ಗ್ರಹದ ಮೇಲಿನ ಒಂದೇ ದಾಳಿಗೆ ತಗುಲಿದ ವೆಚ್ಚವನ್ನು ತುಂಬಿಕೊಳ್ಳಲು ಆ ಗ್ರಹವನ್ನು 60 ವರ್ಷಗಳ ಕಾಲ ಹಿಂಡಬೇಕಾದೀತೆಂದು ಗೆದ್ದ ಸಾಮಂತನೇ ಲೆಕ್ಕ ಹಾಕುತ್ತಾನೆ. ಕಾದಂಬರಿಯ ಕೊನೆಯಲ್ಲಿ, ಗಿಲ್ಡಿನ ನಾವಿಕರಿಗೆ ಅತ್ಯವಶ್ಯವಾದ ಮಸಾಲೆಯನ್ನು ನಾಶಮಾಡುವೆನೆಂದು ನಾಯಕನು ಬೆದರಿಸಿದಾಗ, ಗಿಲ್ಡ್ ಅವನಿಗೆ ಮಣಿದು ಅಲ್ಲಿ ಸೇರಿದ್ದ ಹಡಗುಗಳನ್ನು ಹಿಂದಿರುಗಿಸುತ್ತದೆ. ಪಡೆ ಯಾರದೇ ಆಗಿರಲಿ, ಅದನ್ನು ಹೊರುವವನ ಕೈಯಲ್ಲಿ ಅದರ ಲಗಾಮಿದೆಯೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯದಾದ ‘ದಿ ಫಾರೆವರ್ ವಾರ್’ (1974) ಎಂಬ ಕೃತಿಯ ಕರ್ತೃ ಜೋ ಹಾಲ್ಡೆಮನ್ ವಿಯಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿ ಗಾಯಗೊಂಡವರು. ಅವರ ಕಲ್ಪನೆಯ ಶಾಸನವೊಂದು ಅಸಾಧಾರಣ ಬುದ್ಧಿಶಕ್ತಿಯುಳ್ಳ 50 ಮಂದಿ ಪುರುಷರನ್ನೂ 50 ಮಂದಿ ಸ್ತ್ರೀಯರನ್ನೂ ಬಲವಂತದಿಂದ ಸೇನೆಗೆ ಸೇರಿಸುತ್ತದೆ. ಇಲ್ಲಿ ಸರಬರಾಯಿಯ ಶತ್ರು ದೂರವಷ್ಟೇ ಅಲ್ಲ, ಕಾಲವೂ ಹೌದು. ಸಾಪೇಕ್ಷತಾ ಸಿದ್ಧಾಂತದಂತೆ ಬೆಳಕಿನ ವೇಗವನ್ನು ಸಮೀಪಿಸಿ ಚಲಿಸುವವರಿಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಹಲವು ವರ್ಷಗಳೇ ಉರುಳಿರುತ್ತವೆ. ಪಡೆ ರಣರಂಗವನ್ನು ತಲುಪುವ ವೇಳೆಗೆ ಅದರ ಆಯುಧಗಳು ಹಳತಾಗಿರಬಹುದು. ಎದುರಾಗುವ ಶತ್ರು ಮುಂದಿನ ಕಾಲದ ಆಯುಧಗಳನ್ನು ತಂದಿರಬಹುದು. ನಾಯಕನಾದ ಮ್ಯಾಂಡೆಲ್ಲ ಕೊನೆಯ ಕಾಳಗದಿಂದ ಮರಳಿದಾಗ ಯುದ್ಧವು ಮುಗಿದು 200ಕ್ಕೂ ಹೆಚ್ಚು ವರ್ಷಗಳಾಗಿರುತ್ತವೆ. ಮದ್ದುಗುಂಡುಗಳನ್ನು ಮುಂದಕ್ಕೆ ಸಾಗಿಸುವ ಏರ್ಪಾಡು ಹೇಗೋ ನಡೆಯಿತು. ಮನುಷ್ಯನನ್ನು ತನ್ನವರ ಬಳಿಗೆ ಹಿಂದಕ್ಕೆ ಸಾಗಿಸುವ ಏರ್ಪಾಡು ಯಾರಿಂದಲೂ ಸಾಧ್ಯವಾಗಲಿಲ್ಲ.

ಈ ಮೂರು ಕೃತಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ನಮಗೆ ತೋರುವ ನಿರ್ಣಯ ಇದು: ಸೈನ್ಯವನ್ನು ಎಷ್ಟು ಸೋಸಿ ಆಯ್ದರೂ ಅದರ ಹಿಂಬಲದ ಭಾರ ಕರಗುವುದಿಲ್ಲ. ಅದು ನಾಗರಿಕರಿಗೋ, ಸಾಗಾಟಗಾರರಿಗೋ, ಗೆದ್ದ ನೆಲದ ಪ್ರಜೆಗಳಿಗೋ, ಕಡೆಗೆ ಸೈನಿಕನ ಸ್ವಂತ ಬಾಳಿಗೋ ವರ್ಗವಾಗುತ್ತದೆ. ಲೇಖಕನು ಈ ವರ್ಗಾವಣೆಯನ್ನು ತೋರಿಸಿದರೆ ಕಥೆ ವಿಚಾರಕ್ಕೆ ಎಡೆಮಾಡುತ್ತದೆ. ಮರೆಮಾಚಿದರೆ ಬರಿಯ ಪರಾಕ್ರಮದ ವರ್ಣನೆಯಾಗಿ ಉಳಿಯುತ್ತದೆ.

ಆದಕಾರಣ ಇಂಥ ಕಥೆಗಳನ್ನು ಓದುವ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಪಡೆಗೆ ಅನ್ನವನ್ನು ಒದಗಿಸುವವರು ಯಾರು? ಇದನ್ನು ಹೊತ್ತೊಯ್ಯುವವರು ಯಾರು? ಕೆಲಸ ಮುಗಿದ ಮೇಲೆ ಇದು ಮರಳುವುದು ಎಲ್ಲಿಗೆ? ಕಥೆಯಲ್ಲಿ ಕೇಳಿ ಅಭ್ಯಾಸವಾದ ಈ ಪ್ರಶ್ನೆಗಳನ್ನು ಚರಿತ್ರೆಯಲ್ಲಿಯೂ, ವರ್ತಮಾನಪತ್ರಿಕೆಯ ಯುದ್ಧವಾರ್ತೆಯಲ್ಲಿಯೂ ಕೇಳುವುದು ಅವರಿಗೆ ಅಸಾಧ್ಯವಾಗಲಾರದೆಂದು ನಾವು ನಂಬಿದ್ದೇವೆ.