ಗೂಡಿನ ತೂಕ, ಎಳೆಯ ಲೆಕ್ಕ

ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಒಂದು ಕಿಲೋ ದ್ವಿತಳಿ ಬಿಳಿ ಗೂಡು ತೂಗಿದರೆ ಅದರಲ್ಲಿ ಹೆಚ್ಚುಕಡಿಮೆ 550 ಗೂಡು ಇರುತ್ತವೆ. ಒಂದೊಂದರ ತೂಕ 1.8 ಗ್ರಾಂ. ಕಿಲೋಗೆ 550 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ, ಗೂಡಿಗೆ ಒಂದು ರೂಪಾಯಿ ಆಯಿತು. ಆ ಒಂದು ರೂಪಾಯಿ ಯಾವುದಕ್ಕೆ ಬಿದ್ದ ಬೆಲೆ?

1.8 ಗ್ರಾಂನಲ್ಲಿ 1.4 ಗ್ರಾಂ ಒಳಗಿರುವ ಪ್ಯೂಪಾ, ಅದರಲ್ಲೂ ಬಹುಪಾಲು ನೀರು. ರೇಷ್ಮೆಯ ಪದರ ಉಳಿದ 0.4 ಗ್ರಾಂ ಮಾತ್ರ. ಈ ಪದರದಲ್ಲಿ ಎರಡು ಪ್ರೋಟೀನುಗಳಿವೆ: ಎಳೆಯ ತಿರುಳಾದ ಫೈಬ್ರಾಯಿನ್ ಸುಮಾರು 0.28 ಗ್ರಾಂ, ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಸೆರಿಸಿನ್ ಸುಮಾರು 0.1 ಗ್ರಾಂ. ಅಂದರೆ ತಕ್ಕಡಿಗೆ ಬಿದ್ದ ತೂಕದ ಆರರಲ್ಲಿ ಒಂದು ಪಾಲಷ್ಟೇ ಫೈಬ್ರಾಯಿನ್. ಸೀರೆಯ ಹೊಳಪು, ನುಣುಪು, ಗಟ್ಟಿತನ ಎಲ್ಲವೂ ಆ ಒಂದು ಪಾಲಿನವು. ಹಾಗಾಗಿ ಲೆಕ್ಕವನ್ನು ಆ ಅಣುವಿನಿಂದಲೇ ಶುರು ಮಾಡೋಣ.

ಫೈಬ್ರಾಯಿನ್‌ನ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನಾಲ್ಕೂ ಸರಪಳಿ ಕೂಡಿಸಿದರೂ 574 ದಾಟುವುದಿಲ್ಲ. ಪ್ರೋಟೀನು ಕಟ್ಟಲು 20 ಬಗೆಯ ಅಮೈನೋ ಆಮ್ಲಗಳಿವೆ. ಇಲ್ಲಿ ಶೇ 46 ಗ್ಲೈಸೀನ್, ಶೇ 30 ಅಲನೀನ್, ಶೇ 12 ಸೆರೀನ್. ಮೂರೇ ಬಗೆಯಲ್ಲಿ ಶೇ 88 ಮುಗಿಯಿತು. ಸರಪಳಿಯ ಉದ್ದಕ್ಕೂ ಒಂದು ಬಿಟ್ಟು ಒಂದು ಜಾಗದಲ್ಲಿ ಗ್ಲೈಸೀನ್ ಕೂತಿರುತ್ತದೆ. ಅದು ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಆದ್ದರಿಂದ ಸರಪಳಿಗಳು ಮಗ್ಗುಲಿಗೆ ಮಗ್ಗುಲು ತಾಗಿ ಹಾಳೆಯಾಗುತ್ತವೆ, ಹಾಳೆಯ ಮೇಲೆ ಹಾಳೆ ಬಿಗಿಯಾಗಿ ಕೂರುತ್ತದೆ, ನಡುವೆ ನೀರು ನುಗ್ಗಲು ಸಂದಿಯೇ ಉಳಿಯುವುದಿಲ್ಲ. 1955ರಲ್ಲಿ ರಿಚರ್ಡ್ ಮಾರ್ಷ್, ರಾಬರ್ಟ್ ಕೋರಿ ಮತ್ತು ಲೈನಸ್ ಪಾಲಿಂಗ್ ಎಕ್ಸ್-ರೇ ಚಿತ್ರಗಳ ಆಧಾರದಿಂದ ಈ ಹಾಳೆಗಳ ರಚನೆಯನ್ನು ವಿವರಿಸಿದರು. ಸೆರಿಸಿನ್‌ನಲ್ಲಾದರೋ ಮೂರನೇ ಒಂದರಷ್ಟು ಸೆರೀನ್, ಅದಕ್ಕೆ ನೀರಿನ ನಂಟು ಹೆಚ್ಚು. ಕುದಿಯುವ ಸೋಪು-ಸೋಡಾ ನೀರಿಗೆ ಹಾಕಿದಾಗ ಅಂಟು ಕರಗಿ ಎಳೆ ಹಾಗೇ ಉಳಿಯುವುದು ಇದರಿಂದಲೇ. ನೇಯುವವರು ನೂಲಿನ ತೂಕದಲ್ಲಿ ನಾಲ್ಕರಲ್ಲೊಂದು ಪಾಲು ಕಳೆದುಕೊಳ್ಳುವುದೂ ಇಲ್ಲೇ.

ಒಂದು ಗೂಡಿನ 0.28 ಗ್ರಾಂ ಫೈಬ್ರಾಯಿನ್‌ನಲ್ಲಿ ಇಂಥ ದೊಡ್ಡ ಸರಪಳಿಗಳು ಎಷ್ಟು? ಪ್ರತಿಯೊಂದಕ್ಕೂ ಜೊತೆಗಿರುವ ಚಿಕ್ಕ ಸರಪಳಿಯ ತೂಕ ಸೇರಿಸಿಯೇ ಭಾಗಿಸಿದರೆ ಸಿಗುವ ಉತ್ತರ 4ರ ಮುಂದೆ 17 ಸೊನ್ನೆ. ಇಷ್ಟನ್ನೂ ಹೆಣೆಯುವುದು ಹುಳುವಿನ ಎರಡು ರೇಷ್ಮೆ ಗ್ರಂಥಿಗಳ ಹಿಂಭಾಗದಲ್ಲಿರುವ ಹತ್ತಿರ ಹತ್ತಿರ 1,000 ಜೀವಕೋಶಗಳು. ಕೋಶವೊಂದರ ಪಾಲಿಗೆ 4ರ ಮುಂದೆ 14 ಸೊನ್ನೆ ಬಂತು.

ಇಷ್ಟು ದೊಡ್ಡ ಉತ್ಪಾದನೆಗೆ ಹುಳು ಫೈಬ್ರಾಯಿನ್ ಜೀನನ್ನು ಮಾತ್ರ ಆರಿಸಿ ಸಾವಿರಾರು ಪ್ರತಿ ಮಾಡಿಕೊಂಡಿರಬಹುದೇ? ಬಾಲ್ಟಿಮೋರ್‌ನ ಕಾರ್ನೆಗೀ ಸಂಸ್ಥೆಯ ಪ್ರಯೋಗಾಲಯದಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಅವರ ಜೊತೆಗಾರರು 1972ರಲ್ಲಿ ಎಣಿಸಿ ನೋಡಿದರು. ಹಾಗೇನೂ ಇರಲಿಲ್ಲ. ಕೋಶ ಒಡೆಯದೆ ತನ್ನ ಇಡೀ ಡಿಎನ್‌ಎಯನ್ನು ಮತ್ತೆ ಮತ್ತೆ ಇಮ್ಮಡಿಸಿಕೊಂಡು 4 ಲಕ್ಷ ಪ್ರತಿಗಳವರೆಗೆ ತುಂಬಿಕೊಂಡಿರುತ್ತದೆ, ಅಷ್ಟೇ. ಒಂದು ಜೀನು ಸುಮಾರು 10,000 ಸಂದೇಶ ಆರ್‌ಎನ್‌ಎ ಬರೆಯುತ್ತದೆ. ಒಂದೊಂದು ಸಂದೇಶ ನಾಲ್ಕು ದಿನದಲ್ಲಿ ಒಂದು ಲಕ್ಷ ಫೈಬ್ರಾಯಿನ್ ಸರಪಳಿ ಹೆಣೆಸುತ್ತದೆ, ಮೂರೂವರೆ ಸೆಕೆಂಡಿಗೆ ಒಂದರಂತೆ. 10,000ವನ್ನು ಒಂದು ಲಕ್ಷದಿಂದ ಗುಣಿಸಿದರೆ 100 ಕೋಟಿ. ಅದನ್ನು 4 ಲಕ್ಷದಿಂದ ಗುಣಿಸಿದರೆ 4ರ ಮುಂದೆ 14 ಸೊನ್ನೆ. ಗೂಡು ತೂಗಿ ಪಡೆದ ಉತ್ತರವೂ, ಜೀನಿನಿಂದ ಎಣಿಸುತ್ತಾ ಬಂದ ಉತ್ತರವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಈ ಗುಣಾಕಾರವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನಾನು ಮೂರು ಬಾರಿ ತಿರುಗಿ ನೋಡಿದ್ದೇನೆ.

ತೂಕದಲ್ಲಿ ಹೇಳಬೇಕೆಂದರೆ, ಆ ಸಾವಿರ ಕೋಶಗಳ ಡಿಎನ್‌ಎ ಎಲ್ಲ ಸೇರಿ 0.2 ಮಿಲಿಗ್ರಾಂ. ಅದು ಹೆಣೆಸಿದ ಫೈಬ್ರಾಯಿನ್ 280 ಮಿಲಿಗ್ರಾಂ.

ಹೆಣೆಯುವ ಖರ್ಚೂ ಇದೆ. ಒಂದು ಅಮೈನೋ ಆಮ್ಲವನ್ನು ಸರಪಳಿಗೆ ಸೇರಿಸಲು ಕೋಶ ತನ್ನ ಶಕ್ತಿಯ ನಾಣ್ಯವಾದ ಎಟಿಪಿ ಅಣುಗಳಲ್ಲಿ ನಾಲ್ಕರಷ್ಟು ತೆರುತ್ತದೆ. ಒಂದು ಗೂಡಿನ ಲೆಕ್ಕ ಹಾಕಿ ಗ್ಲೂಕೋಸಿಗೆ ಪರಿವರ್ತಿಸಿದರೆ ಹತ್ತಿರ ಹತ್ತಿರ 90 ಮಿಲಿಗ್ರಾಂ ಸಕ್ಕರೆ. ಮೂರು ಗ್ರಾಂ ಫೈಬ್ರಾಯಿನ್ ಹೆಣೆಯಲು ಒಂದು ಗ್ರಾಂ ಸಕ್ಕರೆ ಸಾಕು. ಕೂಲಿ ಅಗ್ಗ, ದುಬಾರಿಯಾಗಿರುವುದು ಕಚ್ಚಾ ಮಾಲು. 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಎನ್ನುವುದು ರೂಢಿ) ಸುಮಾರು 40,000 ಹುಳುವಿಗೆ ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು, ಅಂದರೆ ತಲೆಗೆ 25 ಗ್ರಾಂ. ನೀರು ಕಳೆದರೆ 7 ಗ್ರಾಂ ಒಣಪದಾರ್ಥ, ಅದರಲ್ಲಿ ಪ್ರೋಟೀನು 1.4 ಗ್ರಾಂ. ಆ 1.4ರಲ್ಲಿ 0.4 ಗ್ರಾಂ ರೇಷ್ಮೆಯ ಪದರವಾಗಿ ಹೊರಬರುತ್ತದೆ. ಸೊಪ್ಪಿನ ಪ್ರೋಟೀನಿನಲ್ಲಿ ಗ್ಲೈಸೀನ್ ಹತ್ತರಲ್ಲೊಂದರಷ್ಟು ಇದ್ದರೆ ರೇಷ್ಮೆಯಲ್ಲಿ ಅರ್ಧಕ್ಕೆ ಹತ್ತಿರ. ಕೊರತೆ ಬಿದ್ದ ಗ್ಲೈಸೀನನ್ನು ಹುಳು ಬೇರೆ ಅಮೈನೋ ಆಮ್ಲಗಳನ್ನು ಒಡೆದು ತಾನೇ ತಯಾರಿಸಿಕೊಳ್ಳಬೇಕು.

ಸೀರೆಯ ತನಕ ಹೋಗೋಣ. ಅಂಟು ತೆಗೆದ 500 ಗ್ರಾಂ ರೇಷ್ಮೆಯ ಒಂದು ಸೀರೆಗೆ ಸುಮಾರು 670 ಗ್ರಾಂ ಕಚ್ಚಾ ನೂಲು ಬೇಕು. ಗೂಡೊಂದರಿಂದ ಬಿಚ್ಚಿ ಬರುವುದು ಒಂದು ಕಿಲೋಮೀಟರ್ ಆಸುಪಾಸಿನ 0.3 ಗ್ರಾಂ ಎಳೆ. ಅಲ್ಲಿಗೆ 2,200ಕ್ಕೂ ಹೆಚ್ಚು ಗೂಡು, 55 ಕಿಲೋ ಸೊಪ್ಪು.

ಈಗ ರೈತನ ಲಾಟಿಗೆ ಬರುತ್ತೇನೆ. 100 ಮೊಟ್ಟೆಗೆ 65 ಕಿಲೋ ಗೂಡು ತೆಗೆದ ಇಬ್ಬರು ರೈತರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರ ಗೂಡಿನಲ್ಲಿ ಪದರ ಶೇ 18, ಇನ್ನೊಬ್ಬರದರಲ್ಲಿ ಶೇ 22. ತಕ್ಕಡಿ ಇಬ್ಬರಿಗೂ 65 ಎಂದೇ ತೋರಿಸುತ್ತದೆ. ಆದರೆ ಮೊದಲನೆಯವರ ಲಾಟಿನಲ್ಲಿ ಪದರ 11.7 ಕಿಲೋ, ಎರಡನೆಯವರದರಲ್ಲಿ 14.3. ವ್ಯತ್ಯಾಸ 2.6 ಕಿಲೋ, ನೂಲಿನಲ್ಲಿ ಹೆಚ್ಚುಕಡಿಮೆ ಎರಡು ಕಿಲೋ. ಗೂಡನ್ನು ಕೈಯಲ್ಲಿ ಒತ್ತಿ, ಕಿವಿಯ ಹತ್ತಿರ ಅಲುಗಿಸಿ ನೂಲು ಬಿಚ್ಚುವ ರೀಲರ್ ಇದನ್ನು ಅಂದಾಜು ಮಾಡುತ್ತಾರೆ, ಅನುಭವಿಗಳ ಅಂದಾಜು ತಪ್ಪುವುದೂ ಕಡಿಮೆ. ಆದರೂ ಎರಡು ಕಿಲೋ ನೂಲಿನ ಬೆಲೆ ಅಂದಾಜಿನ ಮೇಲೆ ನಿಲ್ಲಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಲಾಟಿನಿಂದ ಕೆಲವು ಗೂಡು ಕೊಯ್ದು, ಪ್ಯೂಪಾ ತೆಗೆದು ಪದರವನ್ನು ಬೇರೆ ತೂಗಲು ಒಂದು ಸಣ್ಣ ತಕ್ಕಡಿ, ಐದು ನಿಮಿಷ ಸಾಕು. ಆ ಅಂಕಿ ಹರಾಜಿಗೆ ಮೊದಲೇ ಎಲ್ಲರ ಕಣ್ಣಿಗೆ ಬೀಳಬೇಕು.

ಯಾಕೆಂದರೆ ಆ ಶೇ 4 ಬರುವುದು ರೈತ ಹಾಕುವ ಸೊಪ್ಪಿನಿಂದ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಏಳೆಂಟು ದಿನಗಳಲ್ಲಿ ಹುಳು ತನ್ನ ಜೀವಮಾನದ ಮೇವಿನ ಶೇ 80ಕ್ಕಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಒಂದು ಟನ್ನಿನಲ್ಲಿ 800 ಕಿಲೋ ಈ ಒಂದೇ ವಾರದ್ದು. ಫೈಬ್ರಾಯಿನ್ ಗ್ರಂಥಿ ತುಂಬುವುದೂ ಆಗಲೇ. ಆ ವಾರ ಸೊಪ್ಪು ಬಾಡಿದ್ದರೆ, ಬಲಿತು ಒರಟಾಗಿದ್ದರೆ, ಒಂದು ಹೊತ್ತಿನದು ತಪ್ಪಿದರೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಮಾಡುವುದು ಏನೂ ಉಳಿದಿರುವುದಿಲ್ಲ. ಹುಳು ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಮೇಲೆ ಮೇವು ಮುಟ್ಟುವುದಿಲ್ಲ. ಎರಡು ಮೂರು ದಿನ ಸೆಕೆಂಡಿಗೆ ನಾಲ್ಕೈದು ಮಿಲಿಮೀಟರಿನಂತೆ, ಗ್ರಂಥಿಯಲ್ಲಿ ಆಗಲೇ ಕೂಡಿಟ್ಟಿದ್ದನ್ನು ಎಳೆಯಾಗಿ ಬಿಡುತ್ತಾ ಹೋಗುತ್ತದೆ.