ಕೈವಾರವೂ ಕಣ್ಣೂ
ರೋಮನ್ ಅಕ್ಷರಗಳ ತುದಿಗಳಲ್ಲಿರುವ ಕಿರುಗೆರೆಗಳನ್ನು ಕಳೆದು, ವೃತ್ತ, ತ್ರಿಕೋನ, ಸರಳರೇಖೆಗಳಿಂದಲೇ ಅಕ್ಷರವನ್ನು ಕಟ್ಟಲು ಸಾಧ್ಯವೆ? ಜರ್ಮನಿಯ ಪಾಲ್ ರೆನ್ನರನು ಇದಕ್ಕೆ ಕೊಟ್ಟ ಉತ್ತರವೇ 1927ರಲ್ಲಿ ಫ್ರಾಂಕ್‌ಫರ್ಟಿನ ಬೌವರ್ ಕಾರ್ಖಾನೆಯು ಹೊರತಂದ ‘ಫ್ಯೂಚುರಾ’ ಎಂಬ ಅಚ್ಚುಮೊಳೆ. ನೋಡಿದೊಡನೆ ಇದು ಬರಿಯ ಕೈವಾರದ ಕೆಲಸವೆಂದು ನಾವು ಭಾವಿಸುವೆವು. ಆದರೆ ಕಣ್ಣು ಗಣಿತಕ್ಕೆ ಅಷ್ಟು ಸುಲಭವಾಗಿ ಮಣಿಯದು. ಸುತ್ತಲೂ ಒಂದೇ ದಪ್ಪವುಳ್ಳ ಉಂಗುರವನ್ನು ಬರೆದು ನೋಡಿದರೆ, ಅದರ ಮೇಲುಭಾಗವೂ ಕೆಳಭಾಗವೂ ಪಕ್ಕಗಳಿಗಿಂತ ದಪ್ಪವಾಗಿ ತೋರುವುವು. ಆದುದರಿಂದ ‘ಓ’ ಅಕ್ಷರದ ಗೆರೆಯನ್ನು ಅಲ್ಲಿ ತುಸು ತೆಳುಮಾಡಬೇಕಾಯಿತು. ದಪ್ಪ ಮೊಳೆಯಲ್ಲಿ ಈ ತೊಡಕು ಇಮ್ಮಡಿಯಾಗುವುದು. ಚಿಕ್ಕ ‘ಬಿ’, ‘ಡಿ’ಗಳಲ್ಲಿ ಕಂಬವೂ ಬಳಸುಗೆರೆಯೂ ಕೂಡುವ ಸಂದಿನಲ್ಲಿ ಮಸಿ ಗಡ್ಡೆಕಟ್ಟಿದಂತೆ ಕಾಣುವುದು, ಅಲ್ಲಿಯೂ ಗೆರೆಯನ್ನು ಸಣ್ಣಗೊಳಿಸದೆ ಗತಿಯಿಲ್ಲ. ಓದುಗನ ಹಿತಕ್ಕಾಗಿ ಮಾಡಿದ ಮೋಸವಿದು!

ತಲೆಬರಹ, ಭಿತ್ತಿಪತ್ರ, ಜಾಹೀರಾತುಗಳಿಗೆ ಈ ದಪ್ಪ ಮೊಳೆ ಹೇಳಿ ಮಾಡಿಸಿದಂತಿದೆ. ಪುಟಗಟ್ಟಲೆ ಇದರಲ್ಲಿಯೇ ಅಚ್ಚುಮಾಡುವುದು ಮಾತ್ರ ಕಿವಿಯ ಬಳಿ ತಮಟೆ ಬಾರಿಸಿದಂತೆಯೇ ಎಂದು ನಮ್ಮ ಎಣಿಕೆ.

ನಾಜಿಗಳ ಸಂಸ್ಕೃತಿನೀತಿಯನ್ನು ಖಂಡಿಸಿ 1932ರಲ್ಲಿ ಪುಸ್ತಕ ಬರೆದ ರೆನ್ನರನು ಮರುವರ್ಷ ಸೆರೆಗೆ ಸಿಕ್ಕಿ, ಮ್ಯೂನಿಕ್ಕಿನ ಮುದ್ರಣ ವಿದ್ಯಾಶಾಲೆಯ ಮುಖ್ಯಸ್ಥನ ಪದವಿಯನ್ನು ಕಳೆದುಕೊಂಡನು. ಅವನ ಅಕ್ಷರವು ಉಳಿಯಿತು. 1969ರಲ್ಲಿ ಅಮೆರಿಕದ ಗಗನಯಾತ್ರಿಗಳು ಚಂದ್ರನ ಮೇಲೆ ಬಿಟ್ಟುಬಂದ ಲೋಹಫಲಕದ ಬರಹವೂ ಫ್ಯೂಚುರಾದಲ್ಲಿಯೇ ಇದೆ.